ಕರಿದ ಆಲೂಗಡ್ಡೆಗೆ ಯಾರ ಹೆಸರು?

ಪ್ರಿಂಗಲ್ಸ್ ಡಬ್ಬಿಯಲ್ಲಿರುವುದು ಆಲೂಗಡ್ಡೆಯ ತಿಂಡಿ ಹೌದೋ ಅಲ್ಲವೋ? ಬ್ರಿಟನ್ನಿನಲ್ಲಿ ಈ ಪ್ರಶ್ನೆ ತೆರಿಗೆ ನ್ಯಾಯಮಂಡಳಿಯಲ್ಲಿ ಶುರುವಾಗಿ, ಹೈಕೋರ್ಟ್ ದಾಟಿ, ಮೇಲ್ಮನವಿ ನ್ಯಾಯಾಲಯದ ತನಕ ಹೋಯಿತು. ನಗಬೇಡಿ, ಸುಮಾರು 10 ಕೋಟಿ ಪೌಂಡ್‌ಗಳ ವ್ಯವಹಾರ ಅದು. ಅಲ್ಲಿ ಆಹಾರ ಪದಾರ್ಥಗಳ ಮೇಲೆ ಸಾಮಾನ್ಯವಾಗಿ ವ್ಯಾಟ್ ಬೀಳುವುದಿಲ್ಲ. ಆದರೆ ಆಲೂಗಡ್ಡೆಯಿಂದಲೋ ಆಲೂಗಡ್ಡೆಯ ಹಿಟ್ಟಿನಿಂದಲೋ ಮಾಡಿದ ಕುರುಕಲಿಗೆ ಬೀಳುತ್ತದೆ. ಮೆಕ್ಕೆಜೋಳದ ಕುರುಕಲಾದರೆ ಮಾಫಿ. ಕಾನೂನು ಯಾಕೆ ಹೀಗೆ ಎಂದು ಕೇಳಬಾರದು.

ಆಗ ತಯಾರಕರಾಗಿದ್ದ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯ ವಾದ ಕೇಳುವಂತಿತ್ತು. ನಮ್ಮದರಲ್ಲಿ ಆಲೂಗಡ್ಡೆ ಇರುವುದೇ ಶೇ. 42ರಷ್ಟು, ಉಳಿದದ್ದು ಎಣ್ಣೆ, ಬೇರೆ ಹಿಟ್ಟು, ಪಿಷ್ಟ. ಹಿಟ್ಟು ಕಲಸಿ, ಲಟ್ಟಿಸಿ, ಅಚ್ಚಿಗೆ ಹಾಕಿ ಕರಿಯುತ್ತೇವೆ. ಇಷ್ಟೊಂದು ಒಂದೇ ಥರದ ಆಕಾರ, ಒಂದೇ ಥರದ ಬಣ್ಣ ಯಾವ ಗಡ್ಡೆಯಲ್ಲಾದರೂ ಹುಟ್ಟುತ್ತದೆಯೇ? ಇದರಲ್ಲಿ 'ಆಲೂಗಡ್ಡೆತನ'ವೇ ಇಲ್ಲ. ತನ್ನ ಸರಕಿನಲ್ಲಿ ಅಸಲಿ ಪದಾರ್ಥವೇ ಕಡಿಮೆ ಎಂದು ಕಂಪನಿಯೊಂದು ಕೋರ್ಟಿನಲ್ಲಿ ನಿಂತು ಎದೆತಟ್ಟಿ ಹೇಳಿಕೊಂಡ ಅಪರೂಪದ ಪ್ರಸಂಗ! 2008ರಲ್ಲಿ ಹೈಕೋರ್ಟ್ ಇದನ್ನು ಒಪ್ಪಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ತಿರಸ್ಕರಿಸಿತು. ವಸ್ತುವಿನ ಒಳಸಾರ ಯಾವುದು ಎಂಬ ತತ್ತ್ವಜಿಜ್ಞಾಸೆ ನಮಗೆ ಬೇಡ, ಇದು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಗೆ ಆಹಾರ ವಿಜ್ಞಾನಿಗಿಂತ ಒಂದು ಮಗು ಸರಿಯಾಗಿ ಉತ್ತರ ಹೇಳೀತು ಎಂಬರ್ಥದ ಮಾತು ತೀರ್ಪಿನಲ್ಲಿದೆ.

2024ರಲ್ಲಿ ಇದೇ ಜಗಳ ಇನ್ನೊಂದು ರೂಪದಲ್ಲಿ ಬಂತು. ವಾಕರ್ಸ್ ಕಂಪನಿ ಆಲೂಗಡ್ಡೆ ಸೇರಿಸಿ ಮಾಡಿದ ಕುರುಕಲೊಂದನ್ನು 'ಪಾಪಡಂ' ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಹಪ್ಪಳ ಊಟದ ಭಾಗ, ಆದ್ದರಿಂದ ತೆರಿಗೆ ಕೂಡದು ಎಂದು ವಾದ. ಹೆಸರಿಟ್ಟ ಮಾತ್ರಕ್ಕೆ ಹಪ್ಪಳ ಆಗುವುದಿಲ್ಲ, 'ಹೂಲಾ ಹೂಪ್ಸ್', ಅಂದರೆ ಸೊಂಟದಲ್ಲಿ ತಿರುಗಿಸುವ ಆಟದ ಬಳೆ, ಎಂದು ಕರೆದ ತಿಂಡಿಯನ್ನು ಯಾರೂ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿಸುವುದಿಲ್ಲವಲ್ಲ ಎಂದಿತು ನ್ಯಾಯಮಂಡಳಿ. ಪೊಟ್ಟಣ ಹರಿದು, ಹಾಗೇ ಕೈಹಾಕಿ ತಿನ್ನುವುದಾದರೆ ಅದು ಕ್ರಿಸ್ಪ್ಸ್, ಅಂದರೆ ಪೊಟ್ಟಣದ ಚಿಪ್ಸ್, ಜಾತಿಗೇ ಸೇರಿದ್ದು ಎಂಬುದು ಒಟ್ಟು ಧಾಟಿ.

ಈ ತೀರ್ಪುಗಳನ್ನು ಓದುತ್ತಾ ನನಗನ್ನಿಸಿದ್ದು, ಕೋರ್ಟು ಹೇಳಿದ್ದನ್ನು ಜನ ಎಂದೋ ಕಂಡುಕೊಂಡಿದ್ದಾರೆ ಎಂದು. ಕರಿದ ಆಲೂಗಡ್ಡೆಗೆ ಹೆಸರು ಬಂದದ್ದು ಅದರಲ್ಲಿ ಏನಿದೆ, ಎಲ್ಲಿ ಹುಟ್ಟಿತು ಎನ್ನುವುದರಿಂದ ಕಡಿಮೆ. ಹೇಗೆ ಹೆಚ್ಚಿದರು, ಎಲ್ಲಿ ನಿಂತು ತಿಂದರು, ಮೇಲೆ ಏನು ಸುರಿದರು ಎನ್ನುವುದರಿಂದಲೇ ಹೆಚ್ಚು. ಗಡ್ಡೆಗೆ ತನ್ನದೇ ಆದ ಗಟ್ಟಿ ರುಚಿ ಇಲ್ಲ. ಎಣ್ಣೆಯೂ ಎಲ್ಲ ಕಡೆ ಎಣ್ಣೆಯೇ. ಹೀಗಾಗಿ ಒಂದು ಊರು ಇದು ನಮ್ಮದು ಎನ್ನಲು ಶುರುಮಾಡುವುದು ಹೋಳು ಬಾಣಲೆಯಿಂದ ಹೊರಬಂದ ಮೇಲೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಲಂಡನ್ನಿನಲ್ಲಿ ಚಿಪ್ಸ್ ಎಂದರೆ ಬೆರಳುಗಾತ್ರದ ಬಿಸಿ ಹೋಳು, ಪೊಟ್ಟಣದ ತೆಳು ಬಿಲ್ಲೆ ಕ್ರಿಸ್ಪ್ಸ್. ನ್ಯೂಯಾರ್ಕಿನಲ್ಲಿ ಬಿಲ್ಲೆಯೇ ಚಿಪ್ಸ್, ಬಿಸಿ ಹೋಳು ಫ್ರೈಸ್. ಫ್ರೆಂಚರಿಗೆ ಹೋಳು ಫ್ರಿತ್, ಬಿಲ್ಲೆ ಮಾತ್ರ ಇಂಗ್ಲಿಷಿನಿಂದ ಬಂದ ಚಿಪ್ಸ್. ಸ್ಪೇನಿನಲ್ಲಿ ಎರಡಕ್ಕೂ ಪಟಾಟಾಸ್ ಫ್ರೀಟಾಸ್, ಯಾವುದು ಎಂದು ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಆಸ್ಟ್ರೇಲಿಯಾದವರು ಎರಡನ್ನೂ ಚಿಪ್ಸ್ ಎಂದೇ ಕರೆದು, ಗೊಂದಲವಾದಾಗ 'ಹಾಟ್ ಚಿಪ್ಸ್' ಎಂದು ಬಿಸಿ ಸೇರಿಸುತ್ತಾರೆ. ಅವರ ನಿಜವಾದ ಜಗಳ ಬೇರೆಯದೇ. ಆಲೂಗಡ್ಡೆಯ ದಪ್ಪ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದರೆ ಸಿಡ್ನಿಯಲ್ಲಿ ಅದು ಪೊಟ್ಯಾಟೊ ಸ್ಕಾಲಪ್, ಮೆಲ್ಬರ್ನಿನಲ್ಲಿ ಪೊಟ್ಯಾಟೊ ಕೇಕ್, ಅಡಿಲೇಡ್‌ನಲ್ಲಿ ಪೊಟ್ಯಾಟೊ ಫ್ರಿಟರ್. ಸ್ಕಾಲಪ್ ಎನ್ನುವ ಸಮುದ್ರದ ಚಿಪ್ಪುಜೀವಿಯೂ ಅದೇ ಅಂಗಡಿಯಲ್ಲಿ ಸಿಗುವುದರಿಂದ ಮೆಲ್ಬರ್ನಿನವರಿಗೆ ಸಿಡ್ನಿಯವರನ್ನು ಗೇಲಿಮಾಡಲು ಒಂದು ಕಾರಣ ಸದಾ ಸಿದ್ಧ.

ಜರ್ಮನರದ್ದು ನನಗೆ ಬಹಳ ಇಷ್ಟವಾದ ಪ್ರಕರಣ. ಫ್ರೆಂಚಿನಲ್ಲಿ ಆಲೂಗಡ್ಡೆಗೆ 'ನೆಲದ ಸೇಬು' ಎಂಬರ್ಥದ ಪದ. ಕರಿದದ್ದಕ್ಕೆ 'ಪೊಮ್ ಫ್ರಿತ್', ಅಂದರೆ ಕರಿದ ಸೇಬು, ನೆಲ ಆಗಲೇ ಬಿದ್ದುಹೋಯಿತು. ಜರ್ಮನರು ಅದನ್ನು ಎರವಲು ಪಡೆದು 'ಕರಿದ' ಎನ್ನುವುದನ್ನೂ ಬಿಟ್ಟು, ಉಳಿದ ಅಕ್ಷರಗಳನ್ನೆಲ್ಲ ತಮ್ಮ ರೀತಿಯಲ್ಲಿ ಒತ್ತಿ 'ಪೊಮ್ಮೆಸ್' ಎಂದರು. ಅಕ್ಷರಶಃ ನೋಡಿದರೆ ಅವರು ಕೇಳುತ್ತಿರುವುದು ಬರೀ ಸೇಬು. ಅದರ ಮೇಲೆ ಕೆಚಪ್ ಮತ್ತು ಮೇಯನೇಸ್ ಎರಡೂ ಬೇಕಾದರೆ ರೂರ್ ಪ್ರದೇಶದ ಕಾರ್ಖಾನೆ ಊರುಗಳಲ್ಲಿ 'ಪೊಮ್ಮೆಸ್ ಶ್ರಾಂಕೆ' ಎನ್ನುತ್ತಾರೆ. ಶ್ರಾಂಕೆ ಎಂದರೆ ರೈಲ್ವೆ ಗೇಟಿನ ಅಡ್ಡಕೋಲು. ಕೆಂಪು ಬಿಳಿ ಪಟ್ಟೆ ಇರುತ್ತದಲ್ಲ, ಅದಕ್ಕೆ. ಅಡುಗೆ ಪುಸ್ತಕ ಬರೆಯುವವರಿಗೆ ಇಂಥ ಹೆಸರು ಹೊಳೆಯುವುದಿಲ್ಲ. ಪಾಳಿ ಮುಗಿಸಿ ಸಾಲಿನಲ್ಲಿ ನಿಂತವರಿಗೆ ಹೊಳೆಯುತ್ತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಉತ್ತರದವರು ಪಟಾಟ್ ಎಂದರೆ ದಕ್ಷಿಣದವರು ಫ್ರಿಟ್ ಎನ್ನುತ್ತಾರೆ. 'ಪಟಾಟ್ ಫ್ರಿತ್' ಎಂಬ ಒಂದೇ ಫ್ರೆಂಚ್ ನುಡಿಗಟ್ಟನ್ನು ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡು ಒಬ್ಬರು ತಲೆ, ಒಬ್ಬರು ಬಾಲ ಹಿಡಿದುಕೊಂಡಿದ್ದಾರೆ. ಅಲ್ಲಿಯ ಅಂಗಡಿಗಳಲ್ಲಿ 'ಯುದ್ಧದ ಪಟಾಟ್' ಎಂಬ ಹೆಸರಿನದೊಂದು ಸಿಗುತ್ತದೆ. ಮೇಯನೇಸ್, ಕಡಲೆಕಾಯಿಯ ಸಾಟೆ ಸಾಸ್, ಹಸಿ ಈರುಳ್ಳಿ ಮೂರನ್ನೂ ಒಂದರ ಮೇಲೊಂದು ಸುರಿದದ್ದು. ನೋಡಲು ಹೆಸರಿಗೆ ತಕ್ಕ ಹಾಗೇ ಇರುತ್ತದೆ. ಸಾಟೆ ಬಂದದ್ದು ಇಂಡೊನೇಷ್ಯಾದಿಂದ, ಅದು ಡಚ್ಚರ ವಸಾಹತು ಆಗಿದ್ದ ಕಾಲದಿಂದ. ರಸ್ತೆಬದಿಯಲ್ಲಿ ನಿಂತು ಆ ಕಡಲೆಕಾಯಿ ಸಾಸ್ ನೆಕ್ಕುವಾಗ ಯಾರೂ ಇತಿಹಾಸ ನೆನೆಯುವುದಿಲ್ಲ, ನೆನೆಯಬೇಕೆಂದೂ ಇಲ್ಲ. ಆದರೆ ಅದು ಅಲ್ಲಿದೆ.

ಇನ್ನು 'ಫ್ರೆಂಚ್' ವಿಷಯ. ಫ್ರೈಸ್ ಬೆಲ್ಜಿಯಂದೋ ಫ್ರಾನ್ಸಿನದೋ ಎಂಬ ವ್ಯಾಜ್ಯಕ್ಕೆ ಬೆಲ್ಜಿಯನ್ನರ ಕಡೆಯಿಂದ ಒಂದು ಚಂದದ ಕತೆ ಇದೆ. 1680ರ ಚಳಿಗಾಲ, ನಮೂರ್ ಪಟ್ಟಣ, ಮ್ಯೂಸ್ ನದಿ ಹೆಪ್ಪುಗಟ್ಟಿದೆ. ಸಣ್ಣ ಮೀನು ಹಿಡಿದು ಕರಿದು ತಿನ್ನುತ್ತಿದ್ದ ಬಡವರಿಗೆ ಮೀನಿಲ್ಲ. ಆಗ ಆಲೂಗಡ್ಡೆಯನ್ನೇ ಮೀನಿನಾಕಾರಕ್ಕೆ ಉದ್ದುದ್ದ ಹೆಚ್ಚಿ ಕರಿದರಂತೆ. ಕತೆ ಎಷ್ಟು ಒಪ್ಪವಾಗಿದೆ ಎಂದರೆ ಅನುಮಾನ ಬರುವುದೇ ಅದಕ್ಕೆ. ಬೆಲ್ಜಿಯಂನವರೇ ಆದ ಇತಿಹಾಸಕಾರ ಪಿಯರ್ ಲೆಕ್ಲೆರ್ಕ್ ಇದನ್ನು ಬಿಚ್ಚಿಟ್ಟಿದ್ದಾರೆ: ನಮೂರ್ ಸೀಮೆಗೆ ಆಲೂಗಡ್ಡೆ ಕಾಲಿಟ್ಟದ್ದೇ 1735ರ ಸುಮಾರಿಗೆ. ಅದಕ್ಕಿಂತ ದೊಡ್ಡ ಅಡ್ಡಿ ಕೊಬ್ಬಿನದು. ಮುಳುಗುವಷ್ಟು ಕೊಬ್ಬು ಕಾಯಿಸಿ ಅದರಲ್ಲಿ ಗಡ್ಡೆ ಕರಿಯುವುದು ಆ ಕಾಲದ ಬಡ ರೈತನಿಗೆ ಕನಸಿನ ಮಾತು. ಬೆಣ್ಣೆ, ಕೊಬ್ಬು ದುಬಾರಿ ವಸ್ತುಗಳು, ಬ್ರೆಡ್ಡಿಗೋ ಸೂಪಿಗೋ ಒಂದಿಷ್ಟು ಸವರಿಕೊಂಡರೆ ಹೆಚ್ಚು.

ಯಾವ ತಿಂಡಿಯ ಮೂಲ ಹುಡುಕುವಾಗಲೂ ನಾವು ತರಕಾರಿ ಎಲ್ಲಿಂದ ಬಂತು ಎಂದು ಕೇಳುತ್ತೇವೆ. ಅಷ್ಟು ಎಣ್ಣೆ ಯಾರ ಮನೆಯಲ್ಲಿತ್ತು ಎಂದು ಕೇಳುವುದಿಲ್ಲ. ಕರಿದ ತಿಂಡಿಯ ಚರಿತ್ರೆ ಅರ್ಧಕ್ಕರ್ಧ ಎಣ್ಣೆಯ ಚರಿತ್ರೆ. ಒಂದು ಮನೆಗೆ ಹೊರೆಯಾಗುವ ಬಾಣಲೆ ತುಂಬ ಕೊಬ್ಬು ದಿನವಿಡೀ ಗಿರಾಕಿ ಬರುವ ಬೀದಿ ವ್ಯಾಪಾರಿಗೆ ಗಿಟ್ಟುತ್ತದೆ. ಆದ್ದರಿಂದ ಇದು ಪೇಟೆಯಲ್ಲಿ, ಬೀದಿಯಲ್ಲಿ ಹುಟ್ಟಿದ ತಿಂಡಿ ಎನ್ನುವ ಲೆಕ್ಲೆರ್ಕ್ ವಾದ ನನಗೆ ಒಪ್ಪಿಗೆ. ಅವರ ಪ್ರಕಾರ ಹುಟ್ಟೂರು ಪ್ಯಾರಿಸ್. ದಪ್ಪ ಹೋಳಿಗೆ ಇಂದಿಗೂ ಫ್ರೆಂಚರು ಇಟ್ಟುಕೊಂಡಿರುವ ಹೆಸರು 'ಪೊಂ ನಫ್', ಸೆನ್ ನದಿಯ ಮೇಲಿನ ಸೇತುವೆಯದ್ದು. ಅಲ್ಲಿಂದ ವಿದ್ಯೆ ಕಲಿತು 1840ರ ದಶಕದಲ್ಲಿ ಬೆಲ್ಜಿಯಂನ ಜಾತ್ರೆಗಳಿಗೆ ಕರಿದ ಆಲೂಗಡ್ಡೆ ತಂದವನು ಬವೇರಿಯಾ ಮೂಲದ ಫ್ರೆಡರಿಕ್ ಕ್ರೀಗರ್. 'ಮಸ್ಯೂ ಫ್ರಿಟ್ಜ್' ಎಂದೇ ಹೆಸರಾದವನು. ಅಲ್ಲಿಗೆ ಲೆಕ್ಕ ಹೀಗಾಯಿತು: ದಕ್ಷಿಣ ಅಮೆರಿಕದ ಗಡ್ಡೆ, ಪ್ಯಾರಿಸ್ಸಿನ ಬಾಣಲೆ, ಜರ್ಮನ್ ವ್ಯಾಪಾರಿ, ಬೆಲ್ಜಿಯಂನ ಹೆಮ್ಮೆ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಫ್ರೆಂಚ್ ಮಾತಾಡುವ ಬೆಲ್ಜಿಯನ್ನರ ಹತ್ತಿರ ಇದನ್ನು ತಿಂದು 'ಫ್ರೆಂಚ್ ಫ್ರೈಸ್' ಎಂದು ಹೆಸರಿಟ್ಟರು ಎಂಬ ಮಾತೂ ಓಡಾಡುತ್ತದೆ. ಅದು ನಿಲ್ಲುವುದಿಲ್ಲ. 1856ರ ಇಂಗ್ಲಿಷ್ ಅಡುಗೆ ಪುಸ್ತಕದಲ್ಲೇ 'ಫ್ರೆಂಚ್ ಫ್ರೈಡ್ ಪೊಟ್ಯಾಟೋಸ್' ಅಚ್ಚಾಗಿದೆ. ಅದಕ್ಕೂ ಹಿಂದೆ, ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಕೈಬರಹದಲ್ಲಿ ಹಸಿ ಆಲೂಗಡ್ಡೆಯನ್ನು ಸಣ್ಣ ಬಿಲ್ಲೆಗಳಾಗಿ ಹೆಚ್ಚಿ ಕರಿಯುವ ಫ್ರೆಂಚ್ ವಿಧಾನ ಉಳಿದಿದೆ. ಜೆಫರ್ಸನ್ ಅಡುಗೆಮನೆಗೆ ಫ್ರೆಂಚ್ ಪಾಕವಿದ್ಯೆ ಬಂದದ್ದು ಜೇಮ್ಸ್ ಹೆಮಿಂಗ್ಸ್ ಮೂಲಕ. ಜೆಫರ್ಸನ್ ಅವರ ಗುಲಾಮನಾಗಿದ್ದು, 1784ರಲ್ಲಿ ಅವರೊಂದಿಗೆ ಪ್ಯಾರಿಸ್ಸಿಗೆ ಹೋಗಿ ಅಡುಗೆ ಕಲಿತವನು, 1796ರಲ್ಲಿ ಬಿಡುಗಡೆ ಹೊಂದಿದವನು. ತಿಂಡಿಗೆ ಒಂದು ದೇಶದ ಹೆಸರು ಅಂಟಿತು. ಸೌಟು ಹಿಡಿದವನ ಹೆಸರು ಅಂಟಲಿಲ್ಲ.

ಅಂಟಿದ ಹೆಸರನ್ನು ಕೀಳುವ ಪ್ರಯತ್ನವೂ ನಡೆಯಿತು. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪದಿದ್ದಾಗ ಅಮೆರಿಕದ ಜನಪ್ರತಿನಿಧಿ ಸಭೆಯ ಕ್ಯಾಂಟೀನುಗಳಲ್ಲಿ ಫ್ರೆಂಚ್ ಫ್ರೈಸ್ 'ಫ್ರೀಡಮ್ ಫ್ರೈಸ್' ಆಯಿತು. ಫ್ರೆಂಚ್ ಟೋಸ್ಟಿಗೂ ಅದೇ ಗತಿ. ಗಂಭೀರ ವಿಷಯಗಳ ನಡುವೆ ಆಲೂಗಡ್ಡೆಗೆ ನೀವಿಡುವ ಹೆಸರಿನ ಕಡೆ ನಮ್ಮ ಗಮನವಿಲ್ಲ ಎಂದು ಫ್ರೆಂಚ್ ರಾಯಭಾರ ಕಚೇರಿ ಪ್ರತಿಕ್ರಿಯಿಸಿತು, ಜೊತೆಗೆ ಅದು ಬೆಲ್ಜಿಯಂದಲ್ಲವೇ ಎಂದೂ ಸೇರಿಸಿತು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರು ಮರಳಿತು. ತಟ್ಟೆಯಲ್ಲಿದ್ದದ್ದು ಅಷ್ಟೂ ದಿನ ಅದೇ.

ಬೆಲ್ಜಿಯಂನವರು ಹುಟ್ಟಿನ ವ್ಯಾಜ್ಯದಲ್ಲಿ ಸೋತರೂ ನನಗೆ ಬೇಸರವಿಲ್ಲ, ಕೆಲಸದಲ್ಲಿ ಗೆದ್ದಿದ್ದಾರೆ. ಬ್ರಸೆಲ್ಸ್‌ನ ಚೌಕವೊಂದರಲ್ಲಿ ಫ್ರೈಸ್ ಗೂಡಂಗಡಿಯ ಮುಂದೆ ಸಾಲಿನಲ್ಲಿ ನಿಂತು ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಕರಿಯುವ ಎರಡು ಕುಳಿ, ಎರಡು ಶಾಖ. ಮೊದಲನೆಯದರಲ್ಲಿ ಸುಮಾರು 150 ಡಿಗ್ರಿ. ಹಸಿ ಹೋಳು ಬಿದ್ದೊಡನೆ ದೊಡ್ಡ ದೊಡ್ಡ ಗುಳ್ಳೆ, ಭೋರೆಂಬ ಸದ್ದು, ಹಬೆ. ಬಣ್ಣ ಬರುವ ಮೊದಲೇ ಅಂಗಡಿಯವನು ಜಾಲರಿ ಎತ್ತಿ ತಟ್ಟೆಗೆ ಸುರಿದ. ಹೋಳುಗಳು ಬೆಂದಿದ್ದವು, ಆದರೆ ಪೆಚ್ಚಾಗಿ, ಬಿಳಿಚಿಕೊಂಡು ಬಾಗಿದ್ದವು. ಆರಲು ಬಿಟ್ಟು, ಮೊದಲೇ ಆರಿದ್ದ ಹಿಂದಿನ ಒಬ್ಬೆಯನ್ನು ಎತ್ತಿಕೊಂಡು 180ರ ಸುಮಾರಿನ ಎರಡನೆಯ ಕುಳಿಗೆ ಹಾಕಿದ. ಈಗ ಸದ್ದೇ ಬೇರೆ, ಸಣ್ಣಗೆ ಚಿಟಪಟ. ಗುಳ್ಳೆ ಕಡಿಮೆಯಾದದ್ದನ್ನು ನೋಡದೆ, ಕೇಳಿಯೇ ಎತ್ತಿದ. ಬೋಗುಣಿಯಲ್ಲಿ ಉಪ್ಪು ಉದುರಿಸಿ ಮೇಲಕ್ಕೆ ಹಾರಿಸಿ ಹಾರಿಸಿ ಹಿಡಿದಾಗ ಒಣಕಡ್ಡಿಗಳ ಸದ್ದು ಬಂತು. ಕಾಗದದ ಶಂಕುವಿಗೆ ತುಂಬಿ, ಮೇಯನೇಸ್ ಒಂದು ಮುದ್ದೆ ಇಟ್ಟು, ಪುಟ್ಟ ಮರದ ಫೋರ್ಕ್ ಚುಚ್ಚಿ ಕೈಗಿತ್ತ.

ಎರಡು ಸಲ ಕರಿಯುವುದರ ಮರ್ಮ ಸರಳ. ಮೊದಲ ಸಲ ಒಳಗಿನ ಪಿಷ್ಟ ನೀರು ಹೀರಿ ಬೆಂದು ಮೆತ್ತಗಾಗುತ್ತದೆ. ಆರುವಾಗ ಮೇಲ್ಮೈಯ ತೇವ ಹೋಗುತ್ತದೆ. ಎರಡನೆಯ ಸಲ ಆ ಒಣ ಮೇಲ್ಮೈ ಮಾತ್ರ ಗಟ್ಟಿಯಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಒಂದೇ ಸಲ ಜೋರು ಶಾಖದಲ್ಲಿ ಕರಿದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಕಪ್ಪು. ಸಂಪ್ರದಾಯದ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ, ಬಹುಕಾಲದ ನೆಚ್ಚಿನ ತಳಿ ಬಿಂಟ್ಯೆ. ಅದು 20ನೆಯ ಶತಮಾನದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಶಾಲಾ ಮೇಷ್ಟ್ರೊಬ್ಬರು ಬೆಳೆಸಿ, ತಮ್ಮ ವಿದ್ಯಾರ್ಥಿನಿಯ ಹೆಸರಿಟ್ಟ ತಳಿ. ಈ ಗೂಡಂಗಡಿ ಸಂಸ್ಕೃತಿಯನ್ನು 2014ರಲ್ಲಿ ಬೆಲ್ಜಿಯಂನ ಡಚ್ ಮಾತಾಡುವ ಸೀಮೆಯಾದ ಫ್ಲಾಂಡರ್ಸ್‌ನ ಸರಕಾರ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗಾಗಿ 2017ರಲ್ಲಿ ಐರೋಪ್ಯ ಒಕ್ಕೂಟ ಅಕ್ರಿಲಮೈಡ್ ನಿಯಮ ತರಲು ಹೊರಟಾಗ ಬೆಲ್ಜಿಯಂ ಎದ್ದು ಕೂತಿತು. ಪಿಷ್ಟದ ಪದಾರ್ಥಗಳನ್ನು ಜೋರು ಶಾಖದಲ್ಲಿ ಕರಿದಾಗ ಹುಟ್ಟುವ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಈ ರಾಸಾಯನಿಕವನ್ನು ಆಹಾರದಲ್ಲಿ ಗುರುತಿಸಿ 2002ರಲ್ಲಿ ಜಗತ್ತಿಗೆ ಹೇಳಿದವರು ಸ್ವೀಡನ್ನಿನ ವಿಜ್ಞಾನಿಗಳು. ಕರಿಯುವ ಮೊದಲು ಹೋಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ ಎಂಬ ಸಲಹೆ ಕರಡಿನಲ್ಲಿತ್ತು. ಹಸಿ ಹೋಳನ್ನೇ ಕೊಬ್ಬಿಗೆ ಹಾಕಬೇಕು ಎನ್ನುವ ನಾಡಿಗೆ ಇದು ಧರ್ಮಕ್ಕೆ ಕೈಹಾಕಿದಂತೆ ಕಂಡಿತು, ಮಂತ್ರಿಯೊಬ್ಬರು ಪತ್ರ ಬರೆದರು, ನಿಷೇಧವೇನೂ ಇಲ್ಲ ಎಂದು ಒಕ್ಕೂಟದ ಅಧಿಕಾರಿಗಳು ಸಮಾಧಾನ ಹೇಳಬೇಕಾಯಿತು. 2020ರ ಕೊರೊನಾ ಕಾಲದಲ್ಲಿ ಹೋಟೆಲುಗಳು ಮುಚ್ಚಿ ಸುಮಾರು 7.5 ಲಕ್ಷ ಟನ್ ಆಲೂಗಡ್ಡೆ ಉಳಿದುಬಿಡುವ ಭೀತಿ ಎದುರಾದಾಗ ವಾರಕ್ಕೆ ಒಂದು ಸಲದ ಬದಲು ಎರಡು ಸಲ ಫ್ರೈಸ್ ತಿನ್ನಿ ಎಂದು ಅಲ್ಲಿಯ ಆಲೂಗಡ್ಡೆ ವ್ಯಾಪಾರಿಗಳ ಸಂಘ ಜನರಿಗೆ ಕರೆ ಕೊಟ್ಟಿತು. ಇಷ್ಟು ಹಿತವಾದ ದೇಶಸೇವೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಬೆಲ್ಜಿಯನ್ನರ ಈ ಗರಿಗರಿ ನಿಷ್ಠೆ ನೋಡಿ ಜಗತ್ತೆಲ್ಲ ಹೀಗೇ ಎಂದುಕೊಂಡರೆ ಕೆಟ್ಟೆವು. ಚಾನೆಲ್ ಕಡಲುಗಾಲುವೆ ದಾಟಿದರೆ ಸಾಕು, ಬ್ರಿಟಿಷರ ಚಿಪ್ಸ್ ದಪ್ಪ, ಮೆತ್ತಗೆ, ಅದರ ಮೇಲೆ ಧಾರಾಳವಾಗಿ ವಿನೆಗರ್. ಬಿಸಿ ಚಿಪ್ಸನ್ನು ಕಾಗದದಲ್ಲಿ ಸುತ್ತಿದಾಗ ತನ್ನ ಹಬೆಯಲ್ಲಿ ತಾನೇ ಇನ್ನಷ್ಟು ಮೆತ್ತಗಾಗುತ್ತದೆ, ವಿನೆಗರಿನ ಹುಳಿ ಒಳಗೆ ಇಳಿಯುತ್ತದೆ. ಪೊಟ್ಟಣ ಬಿಚ್ಚಿದಾಗ ಮೂಗಿಗೆ ಹೊಡೆಯುವ ಆ ಘಾಟೇ ಅವರಿಗೆ ಅರ್ಧ ಊಟ. ಎರಡೂ ಮಹಾಯುದ್ಧಗಳಲ್ಲಿ ಅಲ್ಲಿ ಫಿಶ್ ಆಂಡ್ ಚಿಪ್ಸ್‌ಗೆ ಪಡಿತರ ಕಟ್ಟಳೆ ಹಾಕಲಿಲ್ಲ. ಜನರ ಸ್ಥೈರ್ಯ ಕುಸಿದೀತು ಎಂಬ ಲೆಕ್ಕಾಚಾರ. ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಚಿಪ್ಸ್ ಇಟ್ಟು 'ಚಿಪ್ ಬಟಿ' ಎಂದು ತಿನ್ನುವುದೂ ಉಂಟು. ಹಿಟ್ಟಿನೊಳಗೆ ಪಿಷ್ಟ! ವೈದ್ಯರು ಕಣ್ಣು ಮುಚ್ಚಿಕೊಳ್ಳಲಿ. ಸ್ಕಾಟ್ಲೆಂಡಿಗೆ ಹೋದರೆ ಗ್ಲಾಸ್ಗೊದವರು ಉಪ್ಪು ವಿನೆಗರ್ ಪಕ್ಷ, ಎಡಿನ್‌ಬರೊದವರು ಉಪ್ಪು ಸಾಸ್ ಪಕ್ಷ. ಆ ಸಾಸ್ ಕಂದುಬಣ್ಣದ, ವಿನೆಗರ್ ಬೆರೆಸಿ ತೆಳ್ಳಗೆ ಮಾಡಿದ ದ್ರವ. ಅಂಗಡಿಯಾತ ಏನು ಹಾಕಲಿ ಎಂದು ಕೇಳಿದಾಗ ಬರುವ ಉತ್ತರದಿಂದಲೇ ಗಿರಾಕಿ ಎಲ್ಲಿಯವನೆಂದು ತಿಳಿದುಬಿಡುತ್ತದಂತೆ.

ದಕ್ಷಿಣ ಆಫ್ರಿಕಾದವರಿಗೆ ಮುಚ್ಚುಮರೆಯಿಲ್ಲ, ಹೆಸರೇ 'ಸ್ಲಪ್ ಚಿಪ್ಸ್'. ಆಫ್ರಿಕಾನ್ಸ್ ಭಾಷೆಯಲ್ಲಿ ಸ್ಲಪ್ ಎಂದರೆ ಜೋತುಬಿದ್ದದ್ದು. ಬ್ರಸೆಲ್ಸ್‌ನ ಅಂಗಡಿಯವನು ನಾಚಿಕೆಪಡುವ ಗುಣವನ್ನು ಇವರು ಹೆಸರಿನಲ್ಲೇ ಮೆರೆಸಿದ್ದಾರೆ. ಕೇಪ್‌ಟೌನ್‌ನಲ್ಲಿ ಉದ್ದನೆಯ ಬನ್ನಿನೊಳಗೆ ಇವನ್ನು ತುರುಕಿ 'ಗ್ಯಾಟ್ಸ್‌ಬಿ' ಎಂದು ನಾಲ್ಕು ಜನ ಹಂಚಿಕೊಂಡು ತಿನ್ನುತ್ತಾರೆ. ತಾಂಜಾನಿಯಾದಲ್ಲಿ ಕರಿದ ಹೋಳಿನ ಮೇಲೆ ಮೊಟ್ಟೆ ಒಡೆದು ಹುಯ್ದು ದಪ್ಪ ಆಮ್ಲೆಟ್ ಮಾಡಿದರೆ ಅದು 'ಚಿಪ್ಸಿ ಮಾಯಾಯಿ'. ಇಂಗ್ಲಿಷ್ ಚಿಪ್ಸ್‌ಗೆ ಸ್ವಾಹಿಲಿ ಬಾಲ, ಪಕ್ಕದಲ್ಲಿ ಕಚುಂಬರಿ. ಬಲ್ಗೇರಿಯಾದಲ್ಲಿ ಸಿರೆನೆ ಎಂಬ ಉಪ್ಪು ಚೀಸನ್ನು ತುರಿದು ಹಿಮ ಸುರಿದ ಹಾಗೆ ಹೋಳು ಮುಚ್ಚಿಬಿಡುತ್ತಾರೆ.

ಕೆನಡಾದ ಕ್ಯುಬೆಕ್‌ನವರು ಎಲ್ಲರಿಗಿಂತ ಮುಂದೆ ಹೋಗಿ ಗ್ರೇವಿಯಲ್ಲೇ ಮುಳುಗಿಸಿದರು. ಅದು ಪುಟೀನ್. 1957ರಲ್ಲಿ ವಾರ್ವಿಕ್ ಎಂಬ ಊರಿನ ಹೋಟೆಲಿನಲ್ಲಿ ಗಿರಾಕಿಯೊಬ್ಬ ಫ್ರೈಸ್ ಮೇಲೆ ಚೀಸ್ ಗಡ್ಡೆ ಹಾಕಿಕೊಡು ಎಂದನಂತೆ, ಅದೊಳ್ಳೆ ಗಲೀಜಾಗುತ್ತದೆ ಎಂದು ಹೋಟೆಲಿನ ಫೆರ್ನಾಂ ಲಾಷಾನ್ಸ್ ಗೊಣಗಿದನಂತೆ. ಆ ಗಲೀಜಿಗೆ ಅಲ್ಲಿಯ ಆಡುಮಾತು ಪುಟೀನ್. ಡ್ರಮಂಡ್‌ವಿಲ್ ಊರಿನ ಹೋಟೆಲೊಂದು ಗ್ರೇವಿ ಸೇರಿಸಿದ ಪೂರ್ಣ ರೂಪ 1964ರಲ್ಲಿ ತನ್ನಲ್ಲೇ ಹುಟ್ಟಿತು ಎನ್ನುತ್ತದೆ. ಇದರ ಪ್ರಾಣ ಇರುವುದು ತಾಜಾ ಚೀಸ್ ಗಡ್ಡೆಯಲ್ಲಿ. ಹಲ್ಲಿಗೆ ಸಿಕ್ಕಾಗ ಅದು ಕೀಚ್ ಎನ್ನಬೇಕು. ಮಾಡಿ ಒಂದೆರಡು ದಿನ ಕಳೆದರೆ ಆ ಸದ್ದು ಸತ್ತುಹೋಗುತ್ತದೆ, ಹಾಗಾಗಿ ಹಾಲಿನ ಊರುಗಳ ಸುತ್ತ ಹುಟ್ಟಿದ್ದು ಸಹಜ. ಬಹುಕಾಲ ಹಳ್ಳಿಗಾಡಿನವರ ಒರಟು ತಿಂಡಿ ಎಂದು ನಗೆಪಾಟಲಾಗಿದ್ದದ್ದು ಈಗ ಕೆನಡಾದ ಗುರುತು. ಹೆಸರು ಮಾತ್ರ ಹೊಸ ಪೀಕಲಾಟ ತಂದಿಟ್ಟಿತು. ರಷ್ಯಾದ ಅಧ್ಯಕ್ಷರ ಹೆಸರನ್ನು ಫ್ರೆಂಚರು ಬರೆಯುವುದೂ ಅದೇ ಅಕ್ಷರಗಳಲ್ಲಿ. 2022ರಲ್ಲಿ ಉಕ್ರೇನ್ ಮೇಲೆ ದಾಳಿಯಾದಾಗ ಫ್ರಾನ್ಸಿನ ಪುಟೀನ್ ಹೋಟೆಲಿಗೆ ಬೈಗುಳ, ಬೆದರಿಕೆ ಕರೆಗಳು ಬಂದವು. ನಮಗೂ ಕ್ರೆಮ್ಲಿನ್‌ಗೂ ಸಂಬಂಧವಿಲ್ಲ ಎಂದು ಅವರು ಬಹಿರಂಗವಾಗಿ ಹೇಳಬೇಕಾಯಿತು.

ತುರಿದು ತಟ್ಟಿ ಕರಿಯುವ ವಂಶ ಬೇರೆಯೇ. ಬೆಲಾರಸ್‌ನಲ್ಲಿ ದ್ರಾನಿಕಿ, ಉಕ್ರೇನಿನಲ್ಲಿ ದೆರುನಿ, ಸ್ವಿಟ್ಜರ್‌ಲೆಂಡಿನಲ್ಲಿ ರೋಸ್ಟಿ. ಜರ್ಮನ್ ಮಾತಾಡುವ ಸ್ವಿಸ್ಸರಿಗೂ ಫ್ರೆಂಚ್ ಮಾತಾಡುವವರಿಗೂ ನಡುವಿನ ಗೆರೆಗೆ 'ರೋಸ್ಟಿಗ್ರಾಬೆನ್', ರೋಸ್ಟಿ ಕಂದಕ, ಎಂದೇ ಹೆಸರು. ಚುನಾವಣೆಯ ಫಲಿತಾಂಶ ಬಂದಾಗ ಪತ್ರಿಕೆಗಳೂ ಈ ಪದ ಬಳಸುತ್ತವೆ. ಯಹೂದಿಗಳ ಹನುಕ್ಕಾ ಹಬ್ಬದ ಲಾಟ್ಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೇಗುಲದ ದೀಪದ ಎಣ್ಣೆಯ ಪವಾಡವನ್ನು ನೆನೆಯುವ ಹಬ್ಬವಾದ್ದರಿಂದ ಎಣ್ಣೆಯಲ್ಲಿ ಕರಿದದ್ದು ತಿನ್ನಬೇಕು. ಗಡ್ಡೆ ನೆಪ, ಎಣ್ಣೆ ಮುಖ್ಯ. ಪೂರ್ವ ಯುರೋಪಿನಲ್ಲಿ ಆಲೂಗಡ್ಡೆ ಬಡವರ ಬೆಳೆಯಾಗಿ ಹರಡಿದ್ದು 19ನೆಯ ಶತಮಾನದಲ್ಲಿ, ಅದಕ್ಕೂ ಹಿಂದೆ ಚೀಸಿನ ದೋಸೆಗಳಿದ್ದವು. ಅಲ್ಲಿಯ ಚಳಿನಾಡಿನಲ್ಲಿ ಆಲಿವ್ ಎಣ್ಣೆ ಎಲ್ಲಿಂದ ಬರಬೇಕು? ಹೆಬ್ಬಾತಿನ ಕೊಬ್ಬಿನಲ್ಲಿ ಕರಿದರು. ಮಾಂಸದ ಕೊಬ್ಬಿನ ಜೊತೆ ಹಾಲಿನ ಪದಾರ್ಥ ಕೂಡದೆಂಬುದು ಅವರ ಆಹಾರ ನಿಯಮ, ಹಾಗಾಗಿ ಹುಳಿಕೆನೆಯ ಜಾಗಕ್ಕೆ ಸೇಬಿನ ಗೊಜ್ಜು ಬಂತು. ಸಸ್ಯದೆಣ್ಣೆಯಲ್ಲಿ ಕರಿಯುವ ಇಂದಿನ ಮನೆಗಳಲ್ಲೂ ಕೆನೆಯೋ ಸೇಬೋ ಎಂಬ ವಾದ ಪ್ರತಿ ಹಬ್ಬಕ್ಕೂ ನಡೆಯುತ್ತದೆ.

ಕೊಬ್ಬಿನ ಮಾತು ಬಂದಾಗ ಇದನ್ನೂ ಹೇಳಬೇಕು. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದೆಣ್ಣೆಗೆ ಬದಲಾಯಿತು. ಆದರೆ ಫ್ರೈಸ್‌ಗೆ ಗೋಮಾಂಸ ಮೂಲದ ಸ್ವಾದ ಸೇರುತ್ತಲೇ ಇತ್ತು, ಪಟ್ಟಿಯಲ್ಲಿ ಅದರ ಹೆಸರು 'ನೈಸರ್ಗಿಕ ಸ್ವಾದ' ಎಂದಷ್ಟೇ. 2001ರಲ್ಲಿ ಅಲ್ಲಿಯ ಹಿಂದೂಗಳು, ಸಸ್ಯಾಹಾರಿಗಳು ದಾವೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಿಂಡಿಗಳ ಹೆಸರಿನ ತಮಾಷೆಗಳೆಲ್ಲ ಇಲ್ಲಿ ನಿಲ್ಲುತ್ತವೆ. ಅಡ್ಡಹೆಸರಿನಿಂದ ಯಾರಿಗೂ ನಷ್ಟವಿಲ್ಲ, ಅಡಗಿಸಿಡಲೆಂದೇ ಇಟ್ಟ ಹೆಸರು ಮಾತ್ರ ಮೋಸ.

ಪೊಟ್ಟಣದ ಬಿಲ್ಲೆಗೂ ಅದರದೇ ಪುರಾಣ. 1853ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಟೋಗಾದಲ್ಲಿ ಹೋಳು ದಪ್ಪವಾಯಿತೆಂದು ದೂರಿದ ಶ್ರೀಮಂತನಿಗೆ ಬುದ್ಧಿ ಕಲಿಸಲು ಬಾಣಸಿಗ ಜಾರ್ಜ್ ಕ್ರಂ ಕಾಗದದಷ್ಟು ತೆಳ್ಳಗೆ ಹೆಚ್ಚಿ ಕರಿದ ಎಂಬ ಕತೆ. ಕ್ರಂ ಇದ್ದದ್ದು ನಿಜ, ಒಳ್ಳೆಯ ಅಡುಗೆಯವನಾಗಿದ್ದದ್ದೂ ನಿಜ. ಆದರೆ ಇಂಗ್ಲೆಂಡಿನ ವಿಲಿಯಂ ಕಿಚಿನರ್ 1817ರಲ್ಲೇ ಆಲೂಗಡ್ಡೆಯನ್ನು ನಿಂಬೆಸಿಪ್ಪೆ ಸುಲಿಯುವ ಹಾಗೆ ಸುತ್ತಲೂ ತೆಳ್ಳಗೆ ಹೆರೆದು, ಬಟ್ಟೆಯಲ್ಲಿ ಒರೆಸಿ ಕರಿಯಿರಿ ಎಂದು ಬರೆದಿದ್ದ. ಸ್ವಾದದ ಮಾತಿಗೆ ಬಂದರೆ ಶ್ರೇಯ ಡಬ್ಲಿನ್ನಿನ ಟೇಟೊ ಕಂಪನಿಗೆ. 1954ರಲ್ಲಿ ಶುರುವಾದ ಅದು ಚೀಸ್ ಈರುಳ್ಳಿ ರುಚಿ ಹಚ್ಚಿತು. ಅದಕ್ಕೂ ಮೊದಲು ಇಂಗ್ಲೆಂಡಿನ ಸ್ಮಿತ್ಸ್ ಪೊಟ್ಟಣದಲ್ಲಿ ನೀಲಿ ಕಾಗದದ ಚುರುಟಿನಲ್ಲಿ ಉಪ್ಪು ಇಡುತ್ತಿದ್ದರು, ನಿಮಗೆ ಬೇಕಾದಷ್ಟು ನೀವೇ ಉದುರಿಸಿಕೊಳ್ಳಿ ಎಂದು. ಐರ್ಲೆಂಡಿನಲ್ಲಿ ಇಂದಿಗೂ ಯಾವ ಕಂಪನಿಯ ಕ್ರಿಸ್ಪ್ಸನ್ನೂ ಟೇಟೊ ಎನ್ನುವವರಿದ್ದಾರೆ.

ಬಿಲ್ಲೆಯನ್ನು ನಾವು ತಿನ್ನುವುದು ಬಾಯಿಂದಲೋ ಕಿವಿಯಿಂದಲೋ? ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಜಾಂಪಿನಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು: ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚಿಪ್ಸ್ ಕಚ್ಚಬೇಕು, ಕಚ್ಚಿದ ಸದ್ದನ್ನು ಸ್ವಲ್ಪ ತಿದ್ದಿ ಅವರಿಗೇ ಕೇಳಿಸುತ್ತಾರೆ. ಸದ್ದು ಜೋರು ಮಾಡಿದಾಗ, ಕೀಚಲು ಸ್ವರ ಹೆಚ್ಚಿಸಿದಾಗ ಅದೇ ಬಿಲ್ಲೆ ಇನ್ನಷ್ಟು ತಾಜಾ, ಗರಿಗರಿ ಎನಿಸಿತು. ಇದಕ್ಕೆ 2008ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಮುಗ್ಗಿದ ಚಿಪ್ಸ್ ತಿಂದಾಗ ಆಗುವ ಆ ನಿರಾಸೆ ನಾಲಿಗೆಯದ್ದಲ್ಲ ಎನ್ನುವುದು ನನಗೂ ಮೊದಲಿಂದ ಗುಮಾನಿ.

ಇಷ್ಟೆಲ್ಲ ಸುತ್ತಾಡಿ ಗಡ್ಡೆಯ ತವರಿಗೆ ಬಂದರೆ ಅಲ್ಲಿ ಕರಿಯುವ ರೂಢಿಯೇ ಇರಲಿಲ್ಲ. ಟಿಟಿಕಾಕಾ ಸರೋವರದ ಆಸುಪಾಸಿನ ಆಂಡಿಸ್ ಎತ್ತರದಲ್ಲಿ ಆಲೂಗಡ್ಡೆ ಸಾಗುವಳಿಗೆ ಬಂದು ಸಾವಿರಾರು ವರ್ಷವಾಗಿದೆ. ನಾಲ್ಕು ಸಾವಿರಕ್ಕೂ ಮಿಕ್ಕಿದ ನಾಟಿ ತಳಿಗಳು ಅಲ್ಲಿವೆ. ಜನ ಬೇಯಿಸಿದರು, ಸುಟ್ಟರು, ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಹರವಿ ತುಳಿದು ಒಣಗಿಸಿ ವರ್ಷಗಟ್ಟಲೆ ಕೆಡದ 'ಚೂನ್ಯೊ' ಮಾಡಿದರು. ಹಂದಿಯೂ ಅದರ ಕೊಬ್ಬೂ ಬಂದದ್ದು ಸ್ಪೇನಿನವರ ಜೊತೆ. ಆದರೆ ಕೆಚುವಾ ಭಾಷೆಯ ಪಾಪಾ ಎಂಬ ಹಳೆಯ ಪದವನ್ನು ಅಲ್ಲಿಯ ಜನ ಬಿಟ್ಟುಕೊಡಲಿಲ್ಲ. ಸ್ಪೇನಿನವರು ಸಿಹಿಗೆಣಸಿನ ಬಟಾಟಾದೊಂದಿಗೆ ಕಲಸಿಕೊಂಡು ಪಟಾಟಾ ಎಂದರೂ ಲ್ಯಾಟಿನ್ ಅಮೆರಿಕದಲ್ಲಿ ಇಂದಿಗೂ ಪಾಪಾ. ಪೆರುವಿನ ರಾಜಧಾನಿ ಲಿಮಾದ ಬೀದಿಗಳಲ್ಲಿ ಸಾಸೇಜು ತುಂಡುಗಳ ಜೊತೆ ಕರಿದ ಹೋಳು ಬೆರೆಸಿ ಮಾರುವ ತಿಂಡಿ 'ಸಾಲ್ಚಿಪಾಪಾ'.

ಪೆರುವಿನವರ ನಿಜವಾದ ಧೈರ್ಯ ಕಾಣುವುದು ಲೋಮೊ ಸಾಲ್ಟಾಡೊದಲ್ಲಿ. 19ನೆಯ ಶತಮಾನದ ನಡುವಿನಿಂದ ಕೂಲಿಗೆ ಬಂದ ಚೀನೀಯರ ವಾಕ್ ಬಾಣಲೆ, ಅವರ ಸೋಯಾ ಸಾಸ್, ಗೋಮಾಂಸ, ಈರುಳ್ಳಿ, ಟೊಮ್ಯಾಟೊ, ಆಂಡಿಸ್‌ನ ಹಳದಿ ಮೆಣಸಿನಕಾಯಿ. ಎಲ್ಲ ಭಗ್ಗೆಂದು ಉರಿದು ಬಾಡಿದ ಮೇಲೆ ಆಗತಾನೆ ಕರಿದ ಗರಿಗರಿ ಹೋಳುಗಳನ್ನು ಅದೇ ರಸಕ್ಕೆ ಸುರಿದು ಎರಡು ಸಲ ಕೈಯಾಡಿಸುತ್ತಾರೆ. ಪಕ್ಕದಲ್ಲಿ ಅನ್ನ ಬೇರೆ. ಬ್ರಸೆಲ್ಸ್‌ನವನು ಎರಡು ಕುಳಿಗಳಲ್ಲಿ ಬೆವರಿಳಿಸಿ ಕಟ್ಟಿದ ಆ ಹೊರಪದರ ಸೋಯಾ ಸಾಸಿನಲ್ಲಿ ನೆನೆದು, ಅಂಚಿನಲ್ಲಿ ಮಾತ್ರ ಒಂದಿಷ್ಟು ಗಟ್ಟಿ ಉಳಿದು, ನಡುವೆ ಖಾರ ಹೀರಿಕೊಂಡು ಅನ್ನದ ಜೊತೆ ಚಮಚಕ್ಕೆ ಏರುತ್ತದೆ. ನನ್ನನ್ನು ಕೇಳಿದರೆ ಅದೇ ಅತ್ಯುತ್ತಮ ತುತ್ತು. ಬೆಲ್ಜಿಯಂನ ಗೆಳೆಯರಿಗೆ ಇದನ್ನು ಹೇಳಲು ಹೋಗಬೇಡಿ.